ಗೆರೆ ಮೇಲೆ ನಿಂತವನಿಗೆ ಊರಿಲ್ಲ

ಈ ಸಂಗತಿಯನ್ನು ನಾನು ಎಂಟು ವರ್ಷದಿಂದ ಮುಂದೂಡುತ್ತಾ ಬಂದಿದ್ದೇನೆ. ಪ್ರತಿ ಬೇಸಿಗೆಯಲ್ಲೂ ನಮ್ಮ ಕನ್ನಡ ಬಳಗದ ಸಂಚಿಕೆಗೆ "ಏನಾದ್ರೂ ಬರ್ದುಕೊಡಿ ಅಂಕಲ್" ಎಂದು ಕೇಳುತ್ತಾರೆ. ಒಂದು ವರ್ಷ ಮಿಷಿಗನ್ನಿನ ಹಿತ್ತಿಲಲ್ಲಿ ಅವರೆ ಬಳ್ಳಿ ಹಬ್ಬಿಸುವುದು ಹೇಗೆ ಎಂದು ಬರೆದೆ. ಇನ್ನೊಂದು ವರ್ಷ ಮಂಜುಗಡ್ಡೆಯ ಮೇಲೆ ಜಾರಿ ಬೀಳದೆ ನಡೆಯುವುದು ಹೇಗೆ ಎಂದು ಬರೆದೆ. ಓದಿದವರು ಚೆನ್ನಾಗಿದೆ ಎಂದರು. ಬರೆಯಬೇಕಾದ್ದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಬರೆದು ಮುಗಿಸಿದೆ. ಹೋದ ವರ್ಷ ಎಲೆ ಉದುರುವ ಕಾಲದಲ್ಲಿ ಅವರು ತೀರಿಕೊಂಡರು. ಇನ್ನು ಮುಂದೂಡಲು ನನ್ನ ಹತ್ತಿರ ನೆಪವೂ ಇಲ್ಲ.

ಅವರು ಫುಟ್‌ಬಾಲ್ ರೆಫ್ರಿ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಕಾರಣ ಅವರದೇ ಮಾತು: "ಆಟ ಮುಗಿದ ಮ್ಯಾಲ ರೆಫ್ರಿ ಹೆಸರು ಯಾರಿಗೂ ನೆನಪಿರಬಾರದ್ರಿ. ನೆನಪೈತಿ ಅಂದ್ರ ಅಂವ ಏನೋ ತಪ್ಪು ಮಾಡ್ಯಾನಂತ ತಿಳೀರಿ."

ಬೆಳಗಾವಿ ಕಡೆಯವರು. ಡೆಟ್ರಾಯ್ಟ್ ಹತ್ತಿರದ ರಾಚೆಸ್ಟರ್ ಹಿಲ್ಸ್‌ನಲ್ಲಿ ನಮ್ಮ ಬಡಾವಣೆಯಲ್ಲೇ, ಎರಡು ತಿರುವು ಆಚೆ ಅವರ ಮನೆ. ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ಬಣ್ಣ ಪರೀಕ್ಷೆ ಮಾಡುವ ಕೆಲಸ. ಬಣ್ಣ ಬಳಿದ ತಗಡಿಗೆ ಉಪ್ಪುನೀರು, ಬಿಸಿಲು, ಚಳಿ ತಾಗಿಸಿ ಎಷ್ಟು ದಿನ ತಾಳುತ್ತದೆ ಎಂದು ನೋಡುವುದು. ವಾರವೆಲ್ಲ ತಗಡಿನ ತಾಳ್ಮೆ ಪರೀಕ್ಷಿಸಿ, ಶನಿವಾರ ಭಾನುವಾರ ತಮ್ಮ ತಾಳ್ಮೆ ಪರೀಕ್ಷೆಗೆ ಕೊಡುತ್ತಿದ್ದರು. ಮಕ್ಕಳ ಲೀಗುಗಳಲ್ಲಿ, ದೊಡ್ಡವರ ಲೀಗುಗಳಲ್ಲಿ, ನಮ್ಮ ಬಳಗದ ಪಿಕ್ನಿಕ್ಕಿನಲ್ಲಿ, ಎಲ್ಲಿ ಕರೆದರೂ ಹೋಗುತ್ತಿದ್ದರು.

ಎತ್ತರದ, ಒಣಕಲು ಮನುಷ್ಯ. ಮಂಡಿಯವರೆಗೆ ಕರಿ ಕಾಲುಚೀಲ. ಸಿಳ್ಳೆಯನ್ನು ಹಲ್ಲುಪುಡಿಯ ಹಳೆಯ ಡಬ್ಬಿಯೊಂದರಲ್ಲಿ ಇಡುತ್ತಿದ್ದರು. ಸಿಳ್ಳೆ ಎಂದರೆ ಅವರಿಗೆ ಹಿಡಿಸದು, "ಸೀಟಿ ಅನ್ರಿ, ಸಿಳ್ಳಿ ಹೊಡೆಯೋರು ಸಿನಿಮಾ ಟಾಕೀಸ್‌ನಾಗಿರ್ತಾರ" ಎನ್ನುವರು. ಆಟಕ್ಕೆ ಒಂದು ಗಂಟೆ ಮೊದಲೇ ಬಂದು ಬಯಲಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಲೆಯ ಗಂಟುಗಳನ್ನು ಒಂದೊಂದಾಗಿ ಎಳೆದು ನೋಡಿ, ಗೋಲು ಗೆರೆಯ ಮೇಲೆ ಬಣ್ಣ ಮಾಸಿದ ಕಡೆ ಬೂಟಿನ ತುದಿಯಿಂದ ತಟ್ಟುತ್ತಿದ್ದರು. ದೇವಸ್ಥಾನಕ್ಕೆ ಬಂದವರ ಹಾಗೆ.

ನಮ್ಮ ಹೆಂಗಸರಿಗೆ ಅವರ ಆಟವೆಂದರೆ ಭಾರಿ ಖುಷಿ. ಹಳದಿ ಕಾರ್ಡನ್ನು ಅವರು ಅರಿಶಿಣ ಎನ್ನುವರು, ಕೆಂಪು ಕಾರ್ಡನ್ನು ಕುಂಕುಮ. ಒರಟಾಟ ಆಡಿದ ಹುಡುಗನ ಮುಂದೆ ಹಳದಿ ಎತ್ತಿ ಹಿಡಿದು ಗಂಭೀರವಾಗಿ ಹೇಳುವರು, "ಅರಿಶಿಣ ಕೊಟ್ಟೀನಿ ತಮ್ಮಾ. ಇನ್ನೊಮ್ಮೆ ಮಾಡಿದ್ರ ಕುಂಕುಮಾನೂ ಕೊಟ್ಟು ಮನಿಗೆ ಕಳಸ್ತೀನಿ." ಇಲ್ಲೇ ಹುಟ್ಟಿದ ಹುಡುಗ "ವಾಟ್?" ಎಂದು ತಾಯಿಯ ಕಡೆ ತಿರುಗಿದರೆ, ತಾಯಿ ಸೆರಗು ಬಾಯಿಗಿಟ್ಟು ನಗುತ್ತಿರುತ್ತಿದ್ದಳು.

ಒಂದು ಘಟನೆ ಹೇಳಲೇಬೇಕು. ಏಳು ವರ್ಷದ ಹೆಣ್ಣುಮಕ್ಕಳ ಆಟ. ನಾನು ಸುಮ್ಮನೆ ನೋಡಲು ಹೋಗಿದ್ದೆ. ಚೆಂಡು ಒಂದು ಮಗುವಿನ ಕಾಲಿಗೆ ತಾಗದೆಯೇ ಹೊರಗೆ ಹೋಯಿತು. ಇವರು ತಾಗಿತೆಂದು ತಿಳಿದು ಎದುರು ತಂಡಕ್ಕೆ ಕೊಟ್ಟರು. ಅರ್ಧ ಆಟ ಮುಗಿದಾಗ ಆ ಮಗುವಿನ ಹತ್ತಿರ ಹೋಗಿ, ಹುಲ್ಲಿನ ಮೇಲೆ ಮಂಡಿಯೂರಿ, "ಐ ವಾಸ್ ರಾಂಗ್, ಸಾರಿ" ಅಂದರು. ಕಿತ್ತಳೆ ಹಣ್ಣಿನ ತೊಳೆ ಬಾಯಲ್ಲಿಟ್ಟುಕೊಂಡಿದ್ದ ಆ ಮಗು, "ಇಟ್ಸ್ ಓಕೆ, ಮಿಸ್ಟರ್ ರೆಫ್. ವಿ ಆರ್ ಲೂಸಿಂಗ್ ಎನಿವೇ" ಅಂದಿತು. ಈ ಮಾತನ್ನು ನೆನೆಸಿಕೊಂಡು ಅವರು ವರ್ಷಗಟ್ಟಲೆ ನಕ್ಕರು. ನಾನು ಕೇಳಿದೆ, "ಅಷ್ಟು ಚಿಕ್ಕ ಮಗೂಗೆ ಯಾಕ್ರೀ ಸಾರಿ ಕೇಳೋದು? ಅದಕ್ಕೇನು ಗೊತ್ತಾಗುತ್ತೆ?" ಅವರು ಹೇಳಿದರು, "ಅದಕ್ಕ ಗೊತ್ತಾಗಲಿ ಅಂತಲ್ರಿ. ತಡ ಮಾಡಿದ್ರ ನಾಲಿಗಿ ಜಡ ಆಗ್ತೈತಿ. ಬಣ್ಣದಂಗ. ಒಣಗಿದ ಮ್ಯಾಲ ತಿದ್ದಾಕ ಬರಾಂಗಿಲ್ಲ."

ನಾಲಿಗೆ ಜಡವಾಗುವುದೆಂದರೆ ಏನೆಂದು ನನಗೆ ಆಮೇಲೆ ತಿಳಿಯಿತು.

ಈಗ ನನ್ನ ವಿಷಯ ಸ್ವಲ್ಪ. ನಾನು ಮೈಸೂರು ಕಡೆಯವನು, ಎಸ್ಸೆಸ್ಸೆಲ್ಸಿ ಪಾಸು, ಅಷ್ಟೇ. ಅಕ್ಕ ಕರೆಸಿಕೊಂಡಳೆಂದು ಈ ದೇಶಕ್ಕೆ ಬಂದೆ. ಮೂವತ್ತು ವರ್ಷ ಗೋದಾಮಿನಲ್ಲಿ ಸರಕು ಎತ್ತಿಡುವ ಫೋರ್ಕ್‌ಲಿಫ್ಟ್ ಓಡಿಸಿದೆ. ನಮ್ಮ ಬಳಗದಲ್ಲಿ ಕೈ ಬೀಸಿದರೆ ಒಬ್ಬ ಡಾಕ್ಟರಿಗೋ ಎಂಜಿನಿಯರಿಗೋ ತಾಗುತ್ತದೆ. ಅಂಥವರ ನಡುವೆ ನನಗೂ ಒಂದು ಜಾಗ ಸಿಕ್ಕಿದ್ದು ಫುಟ್‌ಬಾಲಿನಿಂದ. ನಮ್ಮ ಬಳಗಕ್ಕೂ ಶಿಕಾಗೋ ಕಡೆಯ ಕನ್ನಡದವರಿಗೂ ಪ್ರತಿ ಬೇಸಿಗೆಯಲ್ಲಿ ಒಂದು ಪಂದ್ಯ. ಗೆದ್ದವರಿಗೆ ಬಹುಮಾನ ಒಂದು ಹಿತ್ತಾಳೆ ಚೊಂಬು. "ಗೆದ್ರೂ ಚೊಂಬು, ಸೋತ್ರೂ ಚೊಂಬು" ಎಂದು ಎರಡೂ ಕಡೆಯವರು ನಗುತ್ತಿದ್ದರೂ, ಆ ಚೊಂಬಿಗಾಗಿ ಮುನ್ನೂರು ಮೈಲಿ ಡ್ರೈವ್ ಮಾಡುತ್ತಿದ್ದೆವು. ನಮ್ಮ ಹುಡುಗರ ತಂಡಕ್ಕೆ ನಾನು ಮ್ಯಾನೇಜರ್. ಹುಡುಗರನ್ನು ಸೇರಿಸುವುದು, ನೀರು ಹೊರುವುದು, ಗೆರೆಯಾಚೆ ನಿಂತು ಕೂಗುವುದು. ಆದರೂ ಮದುವೆ ಮುಂಜಿಗಳಲ್ಲಿ ಡಾಕ್ಟರುಗಳು "ಏನ್ ಮ್ಯಾನೇಜರ್ ಸಾಹೇಬ್ರೇ, ಈ ಸಲ ಹೇಗೆ ಟೀಮು?" ಎಂದು ಹೆಗಲ ಮೇಲೆ ಕೈ ಹಾಕಿದರೆ, ಎಸ್ಸೆಸ್ಸೆಲ್ಸಿ ಎನ್ನುವುದು ಮರೆತುಹೋಗುತ್ತಿತ್ತು.

ಶನಿವಾರ ಬೆಳಿಗ್ಗೆ ಇಂಗ್ಲೆಂಡಿನ ಲೀಗಿನ ಆಟಗಳು ಟಿವಿಯಲ್ಲಿ ಬರುತ್ತವೆ. ಏಳೂವರೆಗೆಲ್ಲ ಅವರು ನಮ್ಮ ಮನೆಗೆ ಬರುವರು, ಕೈಯಲ್ಲಿ ಅವರದೇ ಚಹಾದ ಫ್ಲಾಸ್ಕು. "ನಿಮ್ಮ ಮೈಸೂರು ಕಡೆ ಚಹಾ ಅಂದ್ರ ಬಿಸಿನೀರ್ರಿ" ಎಂದು ನನ್ನ ಹೆಂಡತಿಗೇ ಹೇಳಿ, ಅವಳು ಮಾಡಿದ ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಳ್ಳುವರು. ಎಲ್ಲರೂ ಚೆಂಡು ನೋಡಿದರೆ ಅವರು ರೆಫ್ರಿಯನ್ನು ನೋಡುವರು. "ನೋಡ್ರಿ, ಎಲ್ಲಿ ನಿಂತಾನ ನೋಡ್ರಿ. ಅಲ್ಲಿಂದ ಕಾಣಾಂಗಿಲ್ಲ."

ಸೋತ ತಂಡದ ಮ್ಯಾನೇಜರುಗಳು ಆಟ ಮುಗಿದ ಮೇಲೆ ಮೈಕಿನ ಮುಂದೆ ಬಂದು ರೆಫ್ರಿಯನ್ನು ಬೈಯುವುದು ಆ ಲೀಗಿನಲ್ಲಿ ಮಾಮೂಲು. ನನಗೆ ಅದು ಇಷ್ಟ. ಅವರಿಗೆ ಮಾತ್ರ ಸಿಟ್ಟೇ ಬರುತ್ತಿರಲಿಲ್ಲ. "ಅವನ ಕುರ್ಚಿ ಅಲಗಾಡಾಕತ್ತೈತ್ರಿ. ಇನ್ನೆರಡು ಆಟ ಸೋತ್ರ ಮನಿಗೆ ಕಳಸ್ತಾರ. ಕುಕ್ಕರ್ ಇದ್ದಂಗ, ಒಳಗ ಬಿಸಿ ಆದ್ರ ಸೀಟಿ ಹೊಡೀತೈತಿ. ಪಾಪ, ಕುಕ್ಕರ್ ಮ್ಯಾಲ ಸಿಟ್ಟು ಮಾಡ್ಕೊಂಡ್ರ ಹೆಂಗ?" ಹೇಳಿ ನನ್ನ ಕಡೆ ನೋಡಿ ಕಣ್ಣು ಮಿಟುಕಿಸುವರು, "ಹೌದಲ್ರಿ, ಮ್ಯಾನೇಜರ್ ಸಾಹೇಬ್ರ?"

ಚೆಂಡು ಗೋಲು ಗೆರೆ ದಾಟಿದರೆ ಅಲ್ಲಿನ ರೆಫ್ರಿಯ ಕೈಗಡಿಯಾರ ಅದುರಿ ಹೇಳುತ್ತದೆ. ಅದನ್ನು ಕಂಡರೆ ಅವರಿಗೆ ಅಸೂಯೆಯಿಲ್ಲ, ಸಂತೋಷ. "ಯಂತ್ರ ಬರ್ಲಿ ಬಿಡ್ರಿ. ಯಂತ್ರಕ್ಕೇನು ಹೆಂಡ್ತಿ ಮಕ್ಕಳ ಮುಂದ ಬೈಸ್ಕೊಳ್ಳೂದೈತೇನು?" ತಮ್ಮ ಗಡಿಯಾರ ತೋರಿಸಿ, "ಇದು ಬರೇ ಟೈಮ್ ಹೇಳ್ತೈತಿ, ಅದೂ ಎರಡು ಮಿನಿಟ್ ತಡ" ಎಂದು ನಗುವರು.

ಎಂಟು ವರ್ಷದ ಹಿಂದೆ ನನ್ನ ಕುರ್ಚಿಯೂ ಅಲುಗಾಡುತ್ತಿತ್ತು. ಮೂರು ವರ್ಷ ಸತತವಾಗಿ ಶಿಕಾಗೋದವರು ಚೊಂಬು ಹೊತ್ತುಕೊಂಡು ಹೋಗಿದ್ದರು. ವೆಸ್ಟ್ ಬ್ಲೂಮ್‌ಫೀಲ್ಡಿನ ಡಾಕ್ಟರೊಬ್ಬರು ಆಗ ನಮ್ಮ ಬಳಗದ ಅಧ್ಯಕ್ಷರು. ಹೊರಡುವ ಹಿಂದಿನ ದಿನ ಫೋನ್ ಮಾಡಿ ಬಹಳ ಮೃದುವಾಗಿ ಹೇಳಿದರು, "ಬೇಜಾರ್ ಮಾಡ್ಕೋಬೇಡಿ. ಈ ಸಲಾನೂ ಸೋತ್ರೆ ಮುಂದಿನ ವರ್ಷ ಯಾರಾದ್ರೂ ಯಂಗ್‌ಸ್ಟರ್‌ಗೆ ಕೊಡೋಣ ಅಂತ ಕಮಿಟೀಲಿ ಮಾತಾಯ್ತು. ನಿಮಗೂ ವಯಸ್ಸಾಯ್ತಲ್ವಾ? ರೆಸ್ಟ್ ತಗೊಳ್ಳಿ." ಆ ಯಂಗ್‌ಸ್ಟರ್ ಯಾರೆಂದೂ ನನಗೆ ಗೊತ್ತಿತ್ತು. ಟ್ಯಾಬ್ಲೆಟ್ಟಿನಲ್ಲಿ ಬಾಣ ಬರೆದು ಆಟ ವಿವರಿಸುವ ಎಂಜಿನಿಯರು. ನಾನು ಬೆರಳಲ್ಲಿ ಹುಲ್ಲಿನ ಮೇಲೆ ಬರೆದು ವಿವರಿಸುವವನು.

ಆ ವರ್ಷ ಆಟ ಶಿಕಾಗೋ ಹತ್ತಿರದ ಡೌನರ್ಸ್ ಗ್ರೋವ್‌ನ ಒಂದು ಪಾರ್ಕಿನಲ್ಲಿ. ರೆಫ್ರಿ ಎಂದಿನಂತೆ ಇವರೇ. ಡೆಟ್ರಾಯ್ಟ್ ಕಡೆಯವರಾದರೂ ಶಿಕಾಗೋದವರು ಒಮ್ಮೆಯೂ ತಕರಾರು ಎತ್ತಿರಲಿಲ್ಲ. ಗೆರೆಯ ಮೇಲೆ ಬಾವುಟ ಹಿಡಿದು ನಿಂತಿದ್ದವರು ಶಿಕಾಗೋದ ಒಬ್ಬ ಡಾಕ್ಟರು. ಅರ್ಧ ಆಟ ಮುಗಿಯುವಾಗ ಅವರಿಗೆ ಆಸ್ಪತ್ರೆಯಿಂದ ಕರೆ ಬಂತು, ಬಾವುಟ ಕೆಳಗಿಟ್ಟು ಓಡಿದರು. ನಿಯಮ ಗೊತ್ತಿರುವ ಇನ್ನೊಬ್ಬರು ಬೇಕು. ಶನಿವಾರಗಳ ಪುಣ್ಯದಿಂದ ಅಲ್ಲಿ ಗೊತ್ತಿದ್ದವನು ನಾನೊಬ್ಬನೇ. ಅವರು ಬಾವುಟ ನನ್ನ ಕೈಗೆ ಕೊಟ್ಟರು.

ಶಿಕಾಗೋದ ಮ್ಯಾನೇಜರ್, ಬಸವನಗುಡಿಯ ಕಡೆಯ ಎಂಜಿನಿಯರು, ಓಡಿ ಬಂದರು. "ಏನ್ ಸಾರ್ ಇದು? ಅವ್ರೇ ಮ್ಯಾನೇಜರ್ರು, ಅವ್ರೇ ಲೈನ್ಸ್‌ಮನ್ನಾ? ವರನ ಕಡೆಯವ್ರೇ ಪುರೋಹಿತರಾ?"

ಎಲ್ಲರೂ ನಕ್ಕರು. ಇವರು ನಗಲಿಲ್ಲ. "ಗೆರಿ ಮ್ಯಾಲ ನಿಂತವಗ ಊರಿರೂದಿಲ್ರಿ," ಅಂದರು. "ಇವರನ್ನ ನಾ ಬಲ್ಲೆ."

ಆಟ ಮುಗಿಯಲು ನಾಲ್ಕೈದು ನಿಮಿಷ ಇತ್ತು. ಎರಡೂ ಕಡೆ ಒಂದೊಂದು ಗೋಲು, ಸಮ. ನಮ್ಮ ಹುಡುಗನೊಬ್ಬ ದೂರದಿಂದ ಒದ್ದ ಚೆಂಡು ಮೇಲಿನ ಅಡ್ಡಪಟ್ಟಿಗೆ ಬಡಿದು, ನೇರ ಕೆಳಗೆ ಬಿದ್ದು ಪುಟಿಯಿತು. ಗೋಲ್‌ಕೀಪರ್ ಅದನ್ನು ಬಾಚಿ ತಬ್ಬಿಕೊಂಡ. ನಾನು ನಿಂತಿದ್ದದ್ದು ಗೋಲು ಗೆರೆಗೆ ಸರಿಯಾಗಿ, ಮೂಲೆಯಲ್ಲಿ. ಚೆಂಡು ಬಿದ್ದದ್ದನ್ನು ನನಗಿಂತ ಚೆನ್ನಾಗಿ ಕಂಡವರು ಯಾರೂ ಇಲ್ಲ. ಅರ್ಧ ಚೆಂಡು ಗೆರೆಯ ಮೇಲೇ ಇತ್ತು. ಪೂರ್ತಿ ದಾಟದಿದ್ದರೆ ಗೋಲಲ್ಲ. ನಾನು ಬಾವುಟದ ಸಮೇತ ತಲೆಯ ಮೇಲೆ ಕೈ ಹೊತ್ತು, "ಅಯ್ಯೋ, ಹೋಯ್ತು!" ಎಂದು ಕಿರುಚಿದೆ. ಇದ್ದೊಂದು ಅವಕಾಶ ಕೈ ತಪ್ಪಿತಲ್ಲ ಎಂಬ ಸಂಕಟ.

ಬಯಲಿನ ನಡುವಿನಿಂದ ಓಡಿ ಬರುತ್ತಿದ್ದ ಅವರಿಗೆ ಆಟಗಾರರ ಬೆನ್ನುಗಳು ಅಡ್ಡ. ಏದುಸಿರು ಬಿಡುತ್ತ ನನ್ನ ಕಡೆ ನೋಡಿ ಕೂಗಿದರು, "ಹೋತೇನ್ರಿ?"

ನಾನು, "ಹೋಯ್ತು!" ಅಂದೆ.

ಅವರು ಸೀಟಿ ಊದಿ ನಡುಬಯಲಿನ ಕಡೆ ಕೈ ತೋರಿಸಿದರು. ಗೋಲು. ನಮ್ಮ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದರು. ಚೊಂಬು ನಮ್ಮದಾಯಿತು.

ಆ ಸಂಜೆ ನಾವಿನ್ನೂ ಹೆದ್ದಾರಿಯಲ್ಲಿರುವಾಗಲೇ ವಿಡಿಯೋ ವಾಟ್ಸಪ್ಪಿಗೆ ಬಂತು. ಶಿಕಾಗೋದ ಗೋಲ್‌ಕೀಪರನ ತಂದೆ ಎದುರು ಬದಿಯಿಂದ ತೆಗೆದದ್ದು. ಚೆಂಡು ಗೆರೆಗೆ ತಾಗಿದ ಕ್ಷಣದಲ್ಲಿ ಚಿತ್ರ ನಿಲ್ಲಿಸಿ ಕೆಂಪು ವೃತ್ತ ಹಾಕಿದ್ದರು. ಸಂಶಯವೇ ಇಲ್ಲ. ಇಪ್ಪತ್ತು ವರ್ಷ ತಕರಾರಿಲ್ಲದೆ ಸೀಟಿ ಊದಿದ ಮನುಷ್ಯನಿಗೆ ರಾತ್ರಿ ಬೆಳಗಾಗುವುದರೊಳಗೆ ಒಂದು ಹೆಸರು ಬಿತ್ತು, 'ಡೆಟ್ರಾಯ್ಟ್ ಸಿಳ್ಳೆ'. ನಮ್ಮ ಊರಿಗಾಗಿ ಊದುವ ಸಿಳ್ಳೆ ಎಂದು. ಯಾರಿಗೂ ತಮ್ಮ ಹೆಸರು ನೆನಪಿರಬಾರದು ಎಂದಿದ್ದವರ ಹೆಸರು ಎರಡು ಊರಿನ ಬಾಯಲ್ಲಿ. ಆ ತಮಾಷೆಗೆ ನಾನೂ ನಗುವ ಮುಖದ ಚಿತ್ರವೊಂದನ್ನು ಒತ್ತಿದೆ. ಅದನ್ನೂ ಹೇಳಿಬಿಡಬೇಕು.

ಮುಂದಿನ ವಾರ ಲೈಬ್ರರಿಯ ಕೋಣೆಯಲ್ಲಿ ನಮ್ಮ ಕಮಿಟಿ ಸೇರಿತು. ಶಿಕಾಗೋದವರು ಸ್ಪೀಕರ್ ಫೋನಿನಲ್ಲಿ. ಬಸವನಗುಡಿಯವರು ಕೇಳಿದರು, "ಸಾರ್, ಲೈನ್ ಮೇಲೆ ನೀವಿದ್ರಲ್ಲಾ. ನೀವೇನ್ ಹೇಳಿದ್ರಿ ಅವ್ರಿಗೆ?"

ಅವರು ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. ನಾನು ಮೇಜು ನೋಡುತ್ತ ಹೇಳಿದೆ, "ನಾನೇನ್ರೀ ಹೇಳೋದು? ಚೆಂಡು ಆಚೆ ಹೋದ್ರೆ ಬಾವುಟ ಎತ್ತೋದಷ್ಟೇ ನನ್ನ ಕೆಲ್ಸ. ಗೋಲು ರೆಫ್ರಿ ವಿಚಾರ."

ನಿಯಮ ಪುಸ್ತಕದಲ್ಲಿ ಹಾಗೆಯೇ ಇದೆ. ಮಾತು ನಿಜ, ಹೇಳಿದ್ದು ಸುಳ್ಳು. ನನ್ನ ಪಕ್ಕದಿಂದ ಶಾಂತವಾದ ದನಿ ಬಂತು.

"ಹೌದ್ರಿ. ಸೀಟಿ ನಂದು. ತಪ್ಪೂ ನಂದು. ತಪ್ಪಾತ್ರಿ."

ಆ ಮಗುವಿನ ಮುಂದೆ ಹೇಳಿದಷ್ಟೇ ಸುಲಭವಾಗಿ ಹೇಳಿದರು. ಫಲಿತಾಂಶ ಬದಲಿಸುವ ಪದ್ಧತಿ ಇಲ್ಲವೆಂದು ಚೊಂಬು ನಮ್ಮಲ್ಲೇ ಉಳಿಯಿತು. ಮ್ಯಾನೇಜರಿಕೆ ನನ್ನಲ್ಲೇ ಉಳಿಯಿತು. ಮಾರನೇ ವರ್ಷದಿಂದ ಹೊರಗಿನ ಅಮೆರಿಕನ್ ರೆಫ್ರಿ, ಜೊತೆಗೆ ಎರಡು ಗೋಲಿನ ಹಿಂದೆಯೂ ಸ್ಟ್ಯಾಂಡಿನ ಮೇಲೆ ಫೋನುಗಳು. ನಮ್ಮದೇ ವಿಡಿಯೋ ಪರೀಕ್ಷೆ. ಮೊದಲ ಸಲ ಪರೀಕ್ಷಿಸಲು ಹೋದಾಗ ಒಂದು ಫೋನಿನ ಚಾರ್ಜು ಮುಗಿದಿತ್ತು, ಇನ್ನೊಂದರಲ್ಲಿ ಯಾರದೋ ಬೆನ್ನು. ಇಪ್ಪತ್ತು ನಿಮಿಷ ಹುಡುಕಿದರು. ಅಷ್ಟರಲ್ಲಿ ಚಿತ್ರಾನ್ನ ಬಡಿಸಿ ಮುಗಿಯಿತು. ಇದನ್ನೆಲ್ಲ ಶನಿವಾರ ಅವರಿಗೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ತಾವು ಮಾತ್ರ ಮತ್ತೆಂದೂ ಆ ಬಯಲಿಗೆ ಬರಲಿಲ್ಲ. ಸೀಟಿ ಹಲ್ಲುಪುಡಿ ಡಬ್ಬಿಯಲ್ಲೇ ಉಳಿಯಿತು. ನಮ್ಮ ಮನೆಗೆ ಬರುವುದನ್ನು ಮಾತ್ರ ಒಂದು ಶನಿವಾರವೂ ತಪ್ಪಿಸಲಿಲ್ಲ.

ಕೆಲವು ವರ್ಷಗಳಾದ ಮೇಲೆ ಒಂದು ಬೆಳಿಗ್ಗೆ. ಅಷ್ಟರಲ್ಲಿ ಇಂಗ್ಲೆಂಡಿನಲ್ಲೂ ಎಲ್ಲಕ್ಕೂ ವಿಡಿಯೋ ಬಂದಿತ್ತು. ಒಂದು ಕೋಣೆಯಲ್ಲಿ ಕೂತವರು ಚಿತ್ರ ನೋಡಿ ಬಯಲಿನ ರೆಫ್ರಿಗೆ ಕಿವಿಯಲ್ಲಿ ಹೇಳುತ್ತಾರೆ. ಆ ವಾರ ಒಂದು ದೊಡ್ಡ ಪ್ರಮಾದವಾಗಿತ್ತು. ಒಬ್ಬ ಗೋಲು ಹೊಡೆದ; ಅವನು ಆಫ್‌ಸೈಡ್ ಎಂದು ಗೆರೆಯವನು ಬಾವುಟ ಎತ್ತಿದ, ಗೋಲು ಕೊಡಲಿಲ್ಲ. ಕೋಣೆಯವರು ಗೆರೆ ಎಳೆದು ನೋಡಿದರೆ ಆಟಗಾರ ಸರಿಯಾದ ಜಾಗದಲ್ಲೇ ಇದ್ದ. ಆದರೆ ಬಯಲಿನಲ್ಲಿ ಗೋಲು ಕೊಟ್ಟಿದ್ದಾರೆಂದೇ ತಿಳಿದುಕೊಂಡು, ಪರೀಕ್ಷೆ ಮುಗಿಯಿತು, ಸರಿಯಿದೆ ಎಂದುಬಿಟ್ಟರು. ಬಯಲಿನವರು ತಮ್ಮ 'ಗೋಲಲ್ಲ' ಸರಿಯಿದೆ ಎಂದು ತಿಳಿದು ಆಟ ಮುಂದುವರಿಸಿದರು. ತಿಳಿಯುವ ಹೊತ್ತಿಗೆ ಮೀರಿಹೋಗಿತ್ತು. ಕೋಣೆಯಲ್ಲಿ ಆಡಿದ ಮಾತುಗಳನ್ನು ಟಿವಿಯಲ್ಲಿ ಕೇಳಿಸಿದರು. ಅವರು ಮುಂದಕ್ಕೆ ಬಾಗಿ, ಮಂಡಿಯ ಮೇಲೆ ಮೊಣಕೈ ಊರಿ ಕೇಳಿದರು. ಮುಗಿದ ಮೇಲೆ ಹಿಂದಕ್ಕೊರಗಿ, "ಯಂತ್ರ ಸರಿ ಐತ್ರಿ. ಗೆರಿ ಸರಿ ಎಳದಾರ. ಮಾತು ತಪ್ಪೇತಿ" ಅಂದರು.

ಸ್ವಲ್ಪ ಹೊತ್ತು ಚಹಾ ಕುಡಿದು, ಟಿವಿಯನ್ನೇ ನೋಡುತ್ತ ಹೇಳಿದರು, "ನಾನೂ ಆವತ್ತು 'ಹೋತೇನ್ರಿ' ಅಂತ ಕೇಳಬಾರದಿತ್ತು. 'ಗೆರಿ ದಾಟೇತೇನ್ರಿ' ಅಂತ ಕೇಳಬೇಕಿತ್ತು. ನಮ್ಮ ಭಾಷಾದಾಗ ಹೋತು ಅಂದ್ರ ಹತ್ತು ಅರ್ಥ. ಕರೆಂಟೂ ಹೋಗ್ತೈತಿ, ಬಸ್ಸೂ ಹೋಗ್ತೈತಿ, ಜೀವಾನೂ ಹೋಗ್ತೈತಿ. ಕೇಳಿದವನ ತಪ್ಪದು. ಹೇಳಿದವರದಲ್ಲ."

ನಾನು ಮಾತಾಡಲೆಂದು ಅವರು ಬಾಗಿಲು ಪೂರ್ತಿ ತೆಗೆದು ನಿಂತ ಹಾಗಿತ್ತು. ನಾನು ಒಳಗೆ ಹೋಗಬೇಕಿತ್ತು, ಅಷ್ಟೇ. ನಾನು ಅಂದೆ, "ಉಪ್ಪಿಟ್ಟು ಇನ್ನೊಂಚೂರು ಹಾಕ್ಲಾ?"

"ಹಾಕ್ರಿ," ಅಂದರು.

ನಿವೃತ್ತಿಯಾದ ಮೇಲೆ ಅವರು ಮಗಳ ಹತ್ತಿರ ಇರಲು ಹೊರಟರು. ಮಗಳ ಮನೆ ಡೌನರ್ಸ್ ಗ್ರೋವ್. ತಮ್ಮನ್ನು ಡೆಟ್ರಾಯ್ಟ್ ಸಿಳ್ಳೆ ಎಂದವರ ಊರಿಗೇ ಹೋಗಿ ನೆಲೆಸಿದರು. ಅಲ್ಲಿನ ಯುಗಾದಿಗೆ ಒಂದು ಸಲ ಹೋದರಂತೆ, ಮತ್ತೆ ಹೋಗಲಿಲ್ಲವಂತೆ. ಶನಿವಾರ ಮಾತ್ರ ಫೋನ್ ಮಾಡುವರು. ಅವರು ಅಲ್ಲಿ, ನಾನು ಇಲ್ಲಿ, ಫೋನು ಸೋಫಾದ ತೋಳಿನ ಮೇಲೆ, ಇಬ್ಬರೂ ಒಂದೇ ಆಟ ನೋಡುವುದು. ಅವರ ಟಿವಿ ನನ್ನದಕ್ಕಿಂತ ಹತ್ತು ಸೆಕೆಂಡು ಮುಂದಿತ್ತು. ಗೋಲಾಗುವುದು ಅವರಿಗೆ ಮೊದಲೇ ಗೊತ್ತಾಗುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಕೂಗುತ್ತಿದ್ದರು. ಅವರು ಉಸಿರು ಹಿಡಿದು ಸುಮ್ಮನಿರುವರು, ನಾನು ನೋಡಿ "ಗೋಲ್!" ಎಂದ ಮೇಲೆಯೇ, "ಹೌದ್ರಿ, ಚಲೋ ಆತು" ಎನ್ನುವರು. ಗೊತ್ತಿದ್ದೂ ಸುಮ್ಮನಿದ್ದು, ಎದುರಿನವನು ತಾನಾಗಿ ಅಲ್ಲಿಗೆ ಬಂದು ಮುಟ್ಟುವವರೆಗೆ ಕಾಯುವ ಮನುಷ್ಯ ಅವರು. ನಾನು ಮುಟ್ಟಲಿಲ್ಲ.

ಅವರು ಹೋದ ಸುದ್ದಿ ಬಂದಾಗ ನನ್ನ ಮಗಳು ಡ್ರೈವ್ ಮಾಡಿಕೊಂಡು ಅಲ್ಲಿಗೆ ಕರೆದೊಯ್ದಳು. ಒಂದು ಹಾಲಿನಲ್ಲಿ ಸೇರಿದ್ದರು. ಬಸವನಗುಡಿಯವರೂ ಬಂದಿದ್ದರು, ತಲೆಯೆಲ್ಲ ಬೆಳ್ಳಗಾಗಿತ್ತು. ಎರಡು ಮಾತಾಡಿ ಎಂದರು. ಐದು ಗಂಟೆಯ ದಾರಿಯಲ್ಲಿ ಮನಸ್ಸಿನಲ್ಲೇ ಕಟ್ಟಿಕೊಂಡು ಬಂದಿದ್ದ ಮಾತು ನಾಲಿಗೆಯ ಮೇಲಿತ್ತು. ಎದ್ದು ನಿಂತವನು ಅರಿಶಿಣ ಕುಂಕುಮದ ಕತೆ ಹೇಳಿದೆ. ಎಲ್ಲರೂ ಕಣ್ಣೊರೆಸಿಕೊಳ್ಳುತ್ತ ನಕ್ಕರು. ಕೂತುಬಿಟ್ಟೆ. ಊಟದ ಹೊತ್ತಿಗೆ ಅವರ ಹೆಂಡತಿ ಹತ್ತಿರ ಬಂದು ಕೂತರು. "ಮ್ಯಾನೇಜರ್ ಸಾಹೇಬ್ರು ಏನೋ ಹೇಳೂದೈತಿ, ಒಂದಿನ ಹೇಳ್ತಾರ ಬಿಡು ಅಂತಿದ್ರು ನಮ್ಮವ್ರು. ಏನ್ರೀ ಅಣ್ಣಾರ ಅದು?"

"ಏನಿಲ್ಲ ಅಕ್ಕಾ," ಅಂದೆ.

ಈಗ ಹೇಳುತ್ತೇನೆ. ಆ ದಿನ ನನ್ನ 'ಹೋಯ್ತು' ಒಂದಲ್ಲ, ಎರಡು. ಮೊದಲನೆಯದು ಸಂಕಟದ್ದು, ಅದರಲ್ಲಿ ಕಪಟವಿಲ್ಲ. ಎರಡನೆಯದು ಅವರು ಕೇಳಿದ ಮೇಲೆ ಹೇಳಿದ್ದು. ಅವರ ಪ್ರಶ್ನೆ ನನಗೆ ಕೇಳಿಸಲಿಲ್ಲ, ಅದೂ ಸಂಕಟದ್ದೇ ಎಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡೆ. ಕೇಳಿಸಿತ್ತು. ನನ್ನ ಮಗಳು ಆ ದಿನ ಪಕ್ಕದಿಂದ ನನ್ನ ವಿಡಿಯೋ ತೆಗೆದಿದ್ದಳು. ಅದರಲ್ಲಿ ಮೊದಲನೆಯ 'ಹೋಯ್ತು'ವಿಗೆ ನನ್ನ ಕೈ ತಲೆಯ ಮೇಲಿದೆ. ಪ್ರಶ್ನೆ ಕೇಳಿದ ಮೇಲೆ ಕೈ ಕೆಳಗಿಳಿಯುತ್ತದೆ, ಒಂದು ಗಳಿಗೆ ಸುಮ್ಮನಿರುತ್ತೇನೆ, ಆಮೇಲೆ ಅವರ ಮುಖ ನೋಡಿಕೊಂಡು ಎರಡನೆಯದನ್ನು ಹೇಳುತ್ತೇನೆ. ನೋಡಿದವರಿಗೆ ತಿಳಿಯದೆ ಇರದು. ಅದನ್ನು ಅಳಿಸಲು ಮಗಳಿಗೆ ಹೇಳಿದೆ. "ವೈ, ಅಪ್ಪಾ? ಯು ಲುಕ್ ಸೋ ಫನಿ" ಅಂದಳು. "ಅಳ್ಸು ಅಂದ್ರೆ ಅಳ್ಸು" ಎಂದು ಗದರಿದೆ. ಅಳಿಸಿದಳು. ಯಂತ್ರ ಸರಿಯಾಗಿಯೇ ಇತ್ತು.

ಅವರು ಮಾತನ್ನೇ ತಪ್ಪಿತಸ್ಥನನ್ನಾಗಿ ಮಾಡಿ ನನ್ನನ್ನು ಬಿಡಿಸಿದ್ದರು. ಮಾತಿಗೆ ಹತ್ತು ಅರ್ಥವಿರಬಹುದು. ನಾನು ಹೇಳಿದ್ದಕ್ಕೆ ಒಂದೇ ಅರ್ಥ ಇತ್ತು.

ಹೋದ ವಾರ ಮೊದಲು ಮಗಳಿಗೆ ಹೇಳಿದೆ. "ಓ, ಅಪ್ಪಾ" ಎಂದು ನನ್ನ ಕೈ ಹಿಡಿದುಕೊಂಡಳು. ಆಮೇಲೆ ಬಸವನಗುಡಿಯವರಿಗೆ ಫೋನ್ ಮಾಡಿದೆ. "ನಾವು ಅವ್ರನ್ನ ಏನೇನೋ ಅಂದ್ಬಿಟ್ವಲ್ಲ ಸಾರ್" ಅಂದರು. ಮತ್ತೆ, "ನಮ್ಮ ಗೋಲ್‌ಕೀಪರ್‌ಗೆ ಹೇಳ್ತೀನಿ. ಅವನಿಗೀಗ ಎರಡು ಮಕ್ಳು. ಇನ್ನೂ ಹೇಳ್ತಾನೇ ಇರ್ತಾನೆ, ದಾಟಿರ್ಲಿಲ್ಲ ಅಂತ." ಕೊನೆಗೆ ರೆಫ್ರಿಯವರ ಹೆಂಡತಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಆ ಕಡೆ ಹತ್ತು ಸೆಕೆಂಡು ಮೌನ. "ಹೇಳಿದ್ರಲ್ಲ, ಸಾಕು" ಅಂದರು. "ಊಟ ಆತೇನ್ರೀ?"

ಚೊಂಬು ನಮ್ಮಲ್ಲಿರುವ ವರ್ಷ ಪಿಕ್ನಿಕ್ಕಿಗೆ ಮೊದಲು ಅದನ್ನು ಹುಣಸೆಹಣ್ಣು ಹಚ್ಚಿ ಬೆಳಗುವುದು ನನ್ನ ಕೆಲಸ. ಈ ಸಲವೂ ಬೆಳಗಿದೆ. ಕೆಳಗಿನ ಮರದ ಪೀಠದಲ್ಲಿ ವರ್ಷಕ್ಕೊಂದರಂತೆ ಗೆದ್ದವರ ಊರಿನ ಚೀಟಿ ಅಂಟಿಸಿರುತ್ತಾರೆ. ಆ ವರ್ಷದ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದೆ. ಬಿಸಿಲಿಗಿಟ್ಟ ಚೊಂಬು ಹಿತ್ತಿಲಲ್ಲಿ ಹೊಳೆಯುತ್ತಿದೆ, ಪಕ್ಕದಲ್ಲಿ ಅವರೆ ಬಳ್ಳಿ ಬೇಲಿ ಹತ್ತಿದೆ. ಮನಸ್ಸು ಹಗುರವಾಗಿದೆ. ಈ ವಯಸ್ಸಿನಲ್ಲಿ ಇಷ್ಟು ಹಗುರವಾಗುತ್ತದೆಂದು ಗೊತ್ತಿದ್ದರೆ ಮೊದಲೇ ಹೇಳುತ್ತಿದ್ದೆ.

ಕೇಳಬೇಕಾದವರಲ್ಲೆಲ್ಲ ಕ್ಷಮೆ ಕೇಳಿದ್ದಾಯಿತು. ಉಳಿದವರು ಒಬ್ಬರೇ. ಅವರು ನನ್ನಿಂದ ಕ್ಷಮೆ ಬಯಸಿರಲಿಲ್ಲ, ಒಂದು ಪ್ರಶ್ನೆ ಕೇಳಿದ್ದರು. ಅದಕ್ಕೆ ಉತ್ತರ ಇನ್ನೂ ಬಾಕಿ ಇದೆ.

ಇಲ್ಲ. ಚೆಂಡು ಗೆರೆ ದಾಟಿರಲಿಲ್ಲ, ರೆಫ್ರಿ ಸಾಹೇಬ್ರೇ.